ಬಿಟ್ಟ ಸ್ಥಳ

ವೀರಭದ್ರಪ್ಪ ಸರ್‌ಗೆ ಲಗ್ನಪತ್ರಿಕೆ ಕೊಡಲು ಗಜೇಂದ್ರಗಡದ ಮಂದಿ ಅಂಜುತ್ತಿದ್ದರು. ಕೊಟ್ಟವರ ಎದುರಿಗೇ ಸರ್ ಚಷ್ಮಾ ಏರಿಸಿ, ಕಿವಿಯ ಸಂದಿಯಿಂದ ಕೆಂಪು ಪೆನ್ನು ತೆಗೆದು, ಇಂಗ್ಲಿಷ್ ಅಚ್ಚಾದ ಬದಿಯನ್ನು ತಿದ್ದಿಬಿಡುತ್ತಿದ್ದರು. 'ಮ್ಯಾರೀಡ್ ವಿತ್' ಅಂತಿದ್ದರೆ 'ವಿತ್' ಹೊಡೆದು ಮೇಲೆ 'ಟು'. ಒಮ್ಮೆ ಅರಿವೆ ಅಂಗಡಿಯ ಯಜಮಾನರು, "ಸರ್, ಎಲ್ಲಾ ಅಚ್ಚು ಹಾಕಿಸಿ ಹಂಚೇನ್ರಿ, ಇನ್ನ ಹ್ಯಾಂಗ ಮಾಡ್ಲಿ?" ಅಂದರು. "ಸಣ್ಣ ತಪ್ಪಿಗೆ ಲಗ್ನ ನಿಲ್ಲಂಗಿಲ್ಲ ಬಿಡ್ರಿ. ನನ್ನ ಪ್ರತಿ ಒಂದಾದ್ರೂ ಚಲೋ ಇರಲಿ," ಅಂದ ಸರ್, ತಿದ್ದಿದ ಪತ್ರಿಕೆಯನ್ನು ಕಿಸೆಯಲ್ಲಿಟ್ಟುಕೊಂಡೇ ಹೋಗಿ ಅಕ್ಕಿಕಾಳು ಹಾಕಿ ಉಂಡು ಬಂದರು.

ಹೈಸ್ಕೂಲಿನಿಂದ ನಿವೃತ್ತರಾದ ಮೇಲೆ ಬಸ್‌ಸ್ಟ್ಯಾಂಡಿನ ಹಿಂದೆ, ಒಂದು ಅಂಗಡಿಯ ಮಾಳಿಗೆ ಮೇಲಿನ ಖೋಲಿಯಲ್ಲಿ ಟ್ಯೂಷನ್ ಹೇಳುತ್ತಿದ್ದರು. ಲಕ್ಕಲಕಟ್ಟಿಯಿಂದ ನಾನು, ಪುರ್ತಗೇರಿಯಿಂದ ನಾಲ್ಕೈದು ಹುಡುಗಿಯರು ಮುಂಜಾನೆಯ ಬಸ್ಸಿಗೆ ಬಂದು ಅಲ್ಲಿ ಚಾಪೆಯ ಮೇಲೆ ಕೂರುತ್ತಿದ್ದೆವು. ಸರ್ ಕಲಿಸಿದ್ದೆಲ್ಲ ಸಣ್ಣ ಶಬ್ದಗಳನ್ನೇ. ಇನ್, ಆನ್, ಆ್ಯಟ್, ಟು, ಫಾರ್, ವಿತ್. "ದೊಡ್ಡ ಶಬ್ದ ಡಿಕ್ಷನರಿಯಾಗ ಸಿಗ್ತಾವು. ಸಣ್ಣವು ರೂಢಿಯಿಂದ ಬರಬೇಕವಾ. ಎತ್ತಿಗೆ ಬಾಲ ಹಿಂದ ಐತಿ, ಮೂಗದಾಣಿ ಮುಂದ ಐತಿ. ಕನ್ನಡದ್ದು ಬಾಲ. ಮನಿಗೆ, ಮನಿಯಾಗ, ಮನಿಯಿಂದ. ಇಂಗ್ಲಿಷಿಂದು ಮೂಗದಾಣಿ, ಮೊದಲ ಹಾಕಬೇಕು. ಎರಡೂ ಇಲ್ಲಂದ್ರ ಆ ಎತ್ತು ಯಾರ ಹೊಲಕ್ಕ ನುಗ್ಗತೈತೋ ಶಿವನಿಗೂ ಗೊತ್ತಾಗಂಗಿಲ್ಲ."

ನಾನು ಎಡವುತ್ತಿದ್ದದ್ದು ಒಂದೇ ಕಡೆ. ಸಿಟ್ಟು ಯಾವಾಗಲೂ ಒಬ್ಬರ ಮೇಲೆ ತಾನೇ ಬರುವುದು? ಹಾಗಾಗಿ 'ಆ್ಯಂಗ್ರಿ ಆನ್' ಅಂತಲೇ ಬರೆಯುತ್ತಿದ್ದೆ. ಹತ್ತು ಸಲ ತಿದ್ದಿದರು, ಹನ್ನೊಂದನೆಯ ಸಲವೂ ಅದನ್ನೇ ಬರೆದೆ. ಅವತ್ತು ಪೆನ್ನು ಕೆಳಗಿಟ್ಟು ನನ್ನೆದುರು ಚಾಪೆಯ ಮೇಲೇ ಕೂತರು.

"ಶಾರದಾ, ಆನ್ ಅಂದ್ರ ಏನವಾ?"

"ಮ್ಯಾಲ ರೀ."

"ವಿತ್ ಅಂದ್ರ?"

"ಜೋಡಿ ರೀ."

"ಹೌದಿಲ್ಲೋ. ಮನಷ್ಯಾನ ಮ್ಯಾಲ ಸಿಟ್ಟು ಹೇರಬಾರದು, ಅವ ಏನು ಹೇರು ಹೊರೋ ಕತ್ತೆ ಅಲ್ಲ. ಸಿಟ್ಟು ಮನಷ್ಯಾನ ಜೋಡಿ. ಎಷ್ಟ ಸಿಟ್ಟ ಬಂದ್ರೂ ಜೋಡಿ ಇರಬೇಕು, ಬಿಟ್ಟು ಹೋಗಬಾರದು. ಆ್ಯಂಗ್ರಿ ವಿತ್. ಬರೀ."

ವ್ಯಾಕರಣದಲ್ಲಿ ಹಾಗೆಲ್ಲ ಇಲ್ಲ ಅಂತ ಮುಂದೆ ಬಿ.ಎಡ್. ಮಾಡುವಾಗ ನನಗೆ ಗೊತ್ತಾಯಿತು. ಆದರೂ ಆ ತಪ್ಪನ್ನು ನಾನು ಮತ್ತೆ ಮಾಡಲಿಲ್ಲ. ಕಾಗದದ ಮೇಲಂತೂ ಮಾಡಲಿಲ್ಲ.

ರೋಣದಲ್ಲಿ ನನಗೆ ಇಂಗ್ಲಿಷ್ ಟೀಚರ್ ಕೆಲಸ ಸಿಕ್ಕಿತು. ಸರ್ ಪೇಢೆ ತಿಂದು, ನನ್ನ ನೇಮಕದ ಪತ್ರದಲ್ಲೂ ಒಂದು 'ಆಫ್' ತಿದ್ದಿ ಕೊಟ್ಟರು. ಒಂದು ಬೇಸಿಗೆ ರಜೆಯಲ್ಲಿ ನನಗೆ ಏನು ಬುದ್ಧಿ ಬಂತೋ, ಗಜೇಂದ್ರಗಡದಲ್ಲೇ ಸ್ಪೋಕನ್ ಇಂಗ್ಲಿಷ್ ಕ್ಲಾಸು ತೆರೆದೆ. 'ಗ್ರಾಮರ್ ಬೇಕಿಲ್ಲ, ಮಾತಾಡಿರಿ' ಅಂತ ದೊಡ್ಡ ಫ್ಲೆಕ್ಸು, ಕೆಳಗೆ ಇಂಗ್ಲಿಷಿನಲ್ಲಿ 'ಕಾಂಟ್ಯಾಕ್ಟ್ ಟು ಶಾರದಾ ಮೇಡಂ'. ಮೊದಲ ದಿನವೇ, ಮಕ್ಕಳ ತಂದೆ-ತಾಯಿ ನಿಂತಿರುವಾಗ ಸರ್ ಬಂದರು. ನಕ್ಕರು. ಕೆಂಪು ಪೆನ್ನು ಫ್ಲೆಕ್ಸಿನ ಮೇಲೆ ಮೂಡಲಿಲ್ಲ, ಒತ್ತಿ ಒತ್ತಿ ಆ 'ಟು' ಹೊಡೆದರು. "ಕಾಂಟ್ಯಾಕ್ಟ್ ಮುಂದ ಏನೂ ಬರಂಗಿಲ್ಲವಾ. ಬರೀ ಮನಷ್ಯಾ ಬರ್ತಾನ."

ಯಾರೋ ಕಿಸಕ್ಕೆಂದರು. ನನ್ನ ಮೈಯೆಲ್ಲ ಉರಿಯಿತು. "ಸರ್, ಈ ಒಂದು ಟು ಕಟಗೊಂಡು ಯಾರ ಹೊಟ್ಟಿ ತುಂಬೇತ್ರಿ? ನಿಮ್ಮ ಕಾಲ ಮುಗೀತು. ಇನ್ನ ಮನ್ಯಾಗ ಕುಂದರ್ರಿ," ಅಂದೆ. ನಾನೇ ಅಂದೆ, ಅಷ್ಟು ಮಂದಿಯ ಮುಂದೆ. ಸರ್ ಪೆನ್ನಿಗೆ ಟೊಪ್ಪಿಗೆ ಹಾಕಿದರು. ಅದು ಒಂದೇ ಸಲಕ್ಕೆ ಕೂಡಲಿಲ್ಲ, ಎರಡು ಮೂರು ಸಲ ತಪ್ಪಿತು. ಆಮೇಲೆ ಹೋದರು.

ನಾಲ್ಕು ವರ್ಷ ಮಾತಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕಂಡರೆ ನಾನು ಮೋರೆ ತಿರುಗಿಸಿ ರೋಣದ ಬಸ್ಸು ಹತ್ತುತ್ತಿದ್ದೆ. ಅವರು ಚಷ್ಮಾ ಸರಿ ಮಾಡಿಕೊಳ್ಳುತ್ತ ಅಲ್ಲೇ ನಿಂತಿರುತ್ತಿದ್ದರು. ಕ್ಲಾಸು ಎರಡನೆಯ ಬೇಸಿಗೆಗೇ ಮುಚ್ಚಿತು. ತಪ್ಪು ನನ್ನದು ಅಂತ ನನಗೆ ಖರೇ ಗೊತ್ತಿತ್ತು. ನಾಳೆ ಹೋಗಿ ಕಾಲು ಹಿಡಿದರಾಯಿತು ಅಂತ ಎಷ್ಟು ನಾಳೆ ಕಳೆದೆನೋ, ಸುಡುಗಾಡು ಹಟ.

ಆಮೇಲೆ ಸರ್‌ಗೆ ಲಕ್ವಾ ಹೊಡೆದ ಸುದ್ದಿ ಬಂತು. ಆಗಲೂ ಒಂದು ತಿಂಗಳು ತಡೆದೇ ಹೋದೆ. ಬಾಗಿಲು ತೆಗೆದ ಅವರ ಹೆಂಡತಿ ಗಿರಿಜವ್ವ ನನ್ನನ್ನು ಬಯ್ಯಲಿಲ್ಲ. "ಬಾರವಾ. ಗುರುತು ಹಿಡೀತಾರ, ಎಲ್ಲಾ ತಿಳೀತೈತಿ. ಶಬ್ದಾನೂ ಬರ್ತಾವು. ಕೂಡಿಸಾಕ ಬರಂಗಿಲ್ಲ. ಮೊನ್ನಿ 'ಬೆಕ್ಕು, ಹಾಲು' ಅಂದ್ರು. ಬೆಕ್ಕಿಗೆ ಹಾಲ ಹಾಕು ಅಂತಾರ ತಿಳದು ಬಟ್ಟಲ ತುಂಬ ಹಾಕೀನಿ. ಅವರು ಅಂದಿದ್ದು, ಬೆಕ್ಕು ಗಡಿಗಿಗೆ ಬಾಯಿ ಹಾಕೇತಿ ಅಂತ." ಗಿರಿಜವ್ವ ನಗಲು ನೋಡಿದರು, ಆಗಲಿಲ್ಲ. "ಅವರ ಬಾಯಾಗ ಗೆ ಇಲ್ಲ, ಇಂದ ಇಲ್ಲ, ಯಾವ ಬಾಲಾನೂ ಉಳದಿಲ್ಲ."

ಸರ್ ಗೋಡೆಗೆ ಒರಗಿ ಕೂತಿದ್ದರು. ನನ್ನನ್ನು ಕಂಡದ್ದೇ ಎಡಗೈ ಮೇಲೆದ್ದಿತು. ನಾನು ಮಂಚದ ಕೆಳಗೆ ಕೂತು ಕಾಲು ಹಿಡಿದೆ. "ತಪ್ಪಾತ್ರಿ ಸರ್. ಇನ್ನೂ ಸಿಟ್ಟೈತೇನ್ರಿ?"

ಅವರ ತುಟಿ ಭಾಳ ಹೊತ್ತು ಒದ್ದಾಡಿತು. "ಸಿಟ್ಟು," ಅಂದರು. ತುಸು ತಡೆದು, "ನೀ."

"ನನ್ನ ಮ್ಯಾಲೇನ್ರಿ?"

"ಸಿಟ್ಟು. ನೀ."

"ನನ್ನ ಜೋಡಿ ಏನ್ರಿ?"

ಅವರು ಎಡಗೈಯಿಂದ ಮಂಚ ಗುದ್ದಿದರು. ಗಿರಿಜವ್ವ ಮೂಲೆಯಲ್ಲಿದ್ದ ಪಾಟಿ, ಬಳಪ ತಂದರು. ನಾನು ಇಂಗ್ಲಿಷಿನಲ್ಲಿ 'ಆ್ಯಂಗ್ರಿ' ಎಂದು ಬರೆದು, ಮುಂದೆ ಗೆರೆ ಎಳೆದು ಜಾಗ ಬಿಟ್ಟು, ಆಚೆಗೆ 'ಶಾರದಾ' ಎಂದು ಬರೆದೆ. ಅವರು ನಮಗೆ ಹಾಕಿಕೊಡುತ್ತಿದ್ದಂಥದ್ದೇ, ಬಿಟ್ಟ ಸ್ಥಳ ತುಂಬಿರಿ. ಸರ್ ಬಳಪ ಹಿಡಿದು ಆ ಗೆರೆಯ ಮೇಲೆಯೇ ಗೆರೆ ಎಳೆದರು. ಮತ್ತೆ ಎಳೆದರು. ಬಳಪ ಮುರಿಯುವವರೆಗೂ ಎಳೆದರು. ಅವರ ಕಣ್ಣಲ್ಲಿ ನೀರು ಬಂತು. ನಾನು ನೋಡಲಾರದೆ ಎದ್ದು ಬಂದೆ.

ಬಸ್ಸಿನಲ್ಲಿ, ಅರ್ಧ ಹಾದಿಯಲ್ಲಿ ನನಗೆ ಹೊಳೆಯಿತು. ಆ ಸಿಟ್ಟು ಅವರದೇ ಅಂತ ನಾನು ಹೇಗೆ ತಿಳಿದೆ? 'ನೀ ಇನ್ನೂ ಸಿಟ್ಟಾಗೀಯೇನು' ಅಂತ ಅವರೇ ನನ್ನನ್ನು ಕೇಳುತ್ತಿದ್ದರೆ? ಬಾಲವಿಲ್ಲದ ಆ ಎರಡು ಶಬ್ದ ಯಾವ ಕಡೆಗಾದರೂ ಹೋಗುತ್ತಿದ್ದವು. ಹಾಗಿದ್ದರೆ ನಾನು 'ಇಲ್ರಿ ಸರ್' ಅನ್ನಬೇಕಿತ್ತು. ಅದೊಂದು ಮಾತು ಬಿಟ್ಟು ಉಳಿದದ್ದೆಲ್ಲ ಅಂದು ಬಂದಿದ್ದೆ. ಇಳಿದು ತಿರುಗಿ ಹೋಗುವ ಬಸ್ಸು ಹಿಡಿಯಬಹುದಿತ್ತು, ಹಿಡಿಯಲಿಲ್ಲ. ಐತವಾರದ ರಜೆಗೆ ಹೋದರಾಯಿತು ಅಂದುಕೊಂಡೆ.

ಶುಕ್ರವಾರ ಸರ್ ಹೋದರು.

ಮೂರನೆಯ ದಿನ ಗಿರಿಜವ್ವನ ಹತ್ತಿರ ಕೂತಿದ್ದೆ. ಕಿಟಕಿಯಲ್ಲಿ ಆ ಪಾಟಿ ಇತ್ತು. ಯಾರೋ ಒರೆಸಿ ಇಟ್ಟಿದ್ದರು.

"ನೀ ಬಂದು ಹೋದಮ್ಯಾಲ ದಿನಾ ನಿನ್ನ ಹೆಸರು ಹೇಳತಿದ್ರವಾ," ಅಂದರು ಗಿರಿಜವ್ವ. "ಬರೇ ಹೆಸರು. ಶಾರದಾ, ಶಾರದಾ ಅಂತ. ಶಾರದಾನ್ನ ಕರೀರಿ ಅಂತಿದ್ರೋ, ಶಾರದಾಗ ಏನರ ಹೇಳ್ರಿ ಅಂತಿದ್ರೋ, ಅಕಿ ಬರೋದ ಬ್ಯಾಡ ಅಂತಿದ್ರೋ, ನನಗ ತಿಳೀಲಿಲ್ಲ. ನಾ ಸಾಲಿ ಕಲತಾಕಿ ಅಲ್ಲ. ನೀ ಅವರ ಕಡೆ ಕಲತಾಕಿ, ನೀನ ಹೇಳವಾ, ಏನಂತಿದ್ರು?"

ಗಿರಿಜವ್ವ ನನ್ನ ಮೋರೆ ನೋಡುತ್ತಲೇ ಇದ್ದರು. ಆ ಪಾಟಿ ತೊಡೆಯ ಮೇಲಿಟ್ಟುಕೊಂಡು ನಾನು ಬೆರಳಿಂದ 'ಶಾರದಾ' ಎಂದು ಬರೆದು, ಮುಂದೆ ಜಾಗ ಬಿಟ್ಟೆ.