ಹಿಂದೆ ಬಾರದ ಪ್ಯಾದೆ

ಮುಮ್ತಾಜ ಟೀಚರ್ ಅಂಜುಬುರುಕಿ. ಬೆನ್ನ ಹಿಂದೆ ಆಡುವ ಮಾತಲ್ಲ ಇದು, ಅವರೆದುರಿಗೇ ನೂರು ಸಲ ಹೇಳಿದ್ದೇನೆ. ನಾನು ಗುರುಲಿಂಗವ್ವ. ನವನಗರದಲ್ಲಿ ಅವರು ಮನೆಯಂಗಳದಲ್ಲೇ ನಡೆಸುವ ಶಿಶುವಿಹಾರದಲ್ಲಿ ಒಂಬತ್ತು ವರ್ಷದಿಂದ ಆಯಾ. ಮೂರು-ನಾಲ್ಕು ವರ್ಷದ ಹನ್ನೊಂದು ಮಕ್ಕಳು. ಗಳಿಗೆಗೊಮ್ಮೆ ಅವುಗಳ ತಲೆ ಎಣಿಸದಿದ್ದರೆ ಟೀಚರಿಗೆ ಸಮಾಧಾನವಿಲ್ಲ.

ಧೈರ್ಯ ಬರುವುದು ಚೆಸ್ ಅಂದಾಗ ಮಾತ್ರ. ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೇ ಬಾಗಲಕೋಟೆ ಮುಳುಗಿ ಎಲ್ಲರೂ ನವನಗರಕ್ಕೆ ಬರುವಾಗ ಅವರಪ್ಪ ಅಹ್ಮದಸಾಬರು ಪಾತ್ರೆ-ಪಡಗಕ್ಕಿಂತ ಮೊದಲು ಚೆಸ್ ಮಣೆಯನ್ನೇ ಲಾರಿಗೆ ಹಾಕಿದರಂತೆ. ಮಗಳಿಗೂ ಅದೇ ಹುಚ್ಚು. ಶಿಶುವಿಹಾರದ ಮಕ್ಕಳಿಗೂ ಚೆಸ್ ಕಲಿಸುತ್ತೇನೆಂದು ಹೊರಟರು.

"ಸುಂಬಳ ಒರಸ್ಕೊಳ್ಳಾಕ ಬರದ ಕೂಸಿಗೆ ಚೆಸ್ ಏನ್ರಿ?" ಎಂದು ನಕ್ಕಿದ್ದೆ ನಾನು.

ಮಕ್ಕಳು ಬಾಯಿಗೆ ಹಾಕಿಕೊಂಡಾವೆಂದು ಹೆದರಿ ಅವರು ಕಾಯಿ ಕೊಡಲೇ ಇಲ್ಲ. ಅಂಗಳದ ಫರಸಿ ಕಲ್ಲುಗಳ ಮೇಲೆ ಸೀಮೆಸುಣ್ಣದಿಂದ ಮನೆಗಳನ್ನು ಬರೆದು ಮಕ್ಕಳನ್ನೇ ಪ್ಯಾದೆ ಮಾಡಿ ನಿಲ್ಲಿಸಿದರು.

"ಪ್ಯಾದೆ ಅಂದ್ರ ಸಿಪಾಯಿ. ನೆಟ್ಟಗ ಮುಂದ ಹೋಗ್ಬೇಕು, ಹಿಂದ ಬರಂಗಿಲ್ಲ. ಎದುರಿಗೆ ಯಾರರೆ ನಿಂತ್ರ ಅಲ್ಲೇ ನಿಲ್ಲಬೇಕು. ಕಡೀ ಮನಿ ಮುಟ್ಟಿದ್ರ ರಾಣಿ ಆಗ್ತೈತಿ. ರಾಣಿ ಎಲ್ಲಿ ಬೇಕಾದ್ರೂ ಹೋಗಬಹುದು."

ಉಳಿದ ಮಕ್ಕಳು ಮರುಗಳಿಗೆಗೆ ಮರೆತವು. ನಾಲ್ಕು ವರ್ಷದ ದಾನೇಶ್ವರಿ ಮರೆಯಲಿಲ್ಲ. ಎರಡೂ ಕೈ ಬಿಗಿಯಾಗಿ ಇಳಿಬಿಟ್ಟು, ಖರೇ ಸಿಪಾಯಿಯಂತೆ ಹೆಜ್ಜೆ ಇಡುತ್ತಿತ್ತು ಆ ಕೂಸು.

ಆ ಮಂಗಳವಾರ ಬೆಳಿಗ್ಗೆಯೂ ನಾನು ಕಾಡಿಸಿದ್ದೆ: "ಇವೇನು ಓಡಿ ಹೋಗ್ತಾವೇನ್ರಿ? ಎಣಿಕಿ ಸಾಕ್ ಮಾಡ್ರಿ." ಆಮೇಲೆ ಕಾಯಿಪಲ್ಲೆ ಗಾಡಿ ಬಂತು. ಮೆಂತೆ ತಗೊಂಡು ಒಳಗೆ ಬಂದವಳು ಗೇಟಿನ ಅಗಳಿ ಹಾಕಲಿಲ್ಲ. ಹಾಳಾದ ಮರೆವು! ಅಂಗಳದಲ್ಲಿ ಪ್ಯಾದೆ ಆಟ ನಡೆದಿತ್ತು, ಅಷ್ಟರಲ್ಲಿ ಒಂದು ಮಗು ವಾಂತಿ ಮಾಡಿಕೊಂಡಿತು. "ನೀವು ಆಡ್ರಿ" ಎಂದು ಉಳಿದವಕ್ಕೆ ಹೇಳಿ ಟೀಚರ್ ಅದನ್ನು ತೊಳೆಯಲು ಒಳಗೆ ಹೋದರು. ನಾನು ನೀರು ಹಿಡಿದು ಅವರ ಹಿಂದೆ.

ತೊಳೆದ ಮಗುವಿನೊಂದಿಗೆ ಹೊರಗೆ ಬಂದು, ಅದನ್ನೂ ಸೇರಿಸಿ ಎಣಿಸಿದರು. ಹತ್ತು. ಮತ್ತೆ ಎಣಿಸಿದರು. ಹತ್ತೇ. ದಾನೇಶ್ವರಿ, ನಮ್ಮ ದಾನಿ, ಇಲ್ಲ.

ನೀರಿನ ಟಾಕಿಯ ಕಡೆ ಓಡಿದೆ. ಮುಚ್ಚಳ ಮುಚ್ಚಿತ್ತು, ಸಂಗಮನಾಥಾ, ಬದುಕಿದೆ! ಪಾಯಖಾನೆ ನೋಡಿದೆ, ಬಾಗಿಲ ಸಂದಿ ನೋಡಿದೆ. ಆಮೇಲೆ ಗೇಟು ನೋಡಿದೆ. ತೆರೆದೇ ಇತ್ತು.

ಪಕ್ಕದ ಮನೆಯ ಬಿಬಿಜಾನಳನ್ನು ಕರೆದು ಹತ್ತು ಮಕ್ಕಳನ್ನು ಒಪ್ಪಿಸಿದೆವು. ನಾನು "ದಾನೀ!" ಎಂದು ಕೂಗುತ್ತ ಪಕ್ಕದ ಓಣಿಗೆ ತಿರುಗಿದೆ. ಟೀಚರ್ ರಟ್ಟೆ ಹಿಡಿದೆಳೆದರು.

"ಅತ್ಲಾಗ ಬ್ಯಾಡ. ಅಕಿ ತಿರುಗಂಗಿಲ್ಲ. ಗೇಟಿನ ಎದುರಿನ ಸಾಲಿನಾಗ ನಿಂತಿದ್ಲು. ನೆಟ್ಟಗ ಹೋಗ್ಯಾಳ. ನಾನ ಕಲಿಸೀನಲ್ಲವಾ!"

ನಮ್ಮ ನವನಗರದ ರಸ್ತೆಗಳು ಗೆರೆ ಎಳೆದಂತೆ ನೇರ. ಗೇಟಿನೆದುರಿನ ರಸ್ತೆಯ ತುದಿಗೆ ಟಿಪ್ಪರ್‌ಗಳು ಹಾರನ್ ಹೊಡೆಯುತ್ತ ನುಗ್ಗುವ ಹೆದ್ದಾರಿ. ಇಬ್ಬರೂ ಓಡಿದೆವು. ನನ್ನ ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ. ದಾನಿಯ ಅವ್ವನಿಗೆ ಏನು ಹೇಳಲಿ, ಏನು ಹೇಳಲಿ ಎನ್ನುವುದೊಂದೇ ತಲೆಯಲ್ಲಿ.

ರಸ್ತೆಯ ತುದಿಯಲ್ಲಿ ಒಂದು ಎಮ್ಮೆ ಅಡ್ಡ ನಿಂತಿತ್ತು. ಅದರ ಹೊಟ್ಟೆಯೆದುರು, ಎರಡೂ ಕೈ ಇಳಿಬಿಟ್ಟು, ದಾನಿ. ಎಮ್ಮೆಯ ಆಚೆ ಟಿಪ್ಪರ್‌ಗಳು.

"ದಾನೀ, ಹೊಳ್ಳಿ ಬಾರವ್ವಾ!" ಎಂದು ಚೀರಿದೆ.

"ಪ್ಯಾದೆ ಹಿಂದ ಬರಂಗಿಲ್ಲ!" ಎಂದಿತು ಕೂಸು, ಕತ್ತು ಕೂಡ ತಿರುಗಿಸದೆ.

ಅಷ್ಟರಲ್ಲಿ ಎಮ್ಮೆ ಬಾಲ ಬೀಸಿ ಒಂದು ಹೆಜ್ಜೆ ಕಿತ್ತಿತು. ಇನ್ನೊಂದು ಕಿತ್ತಿತು. ದಾನಿಯ ಎದುರು ದಾರಿ ತೆರೆಯಿತು. ನಾವಿನ್ನೂ ಮೂವತ್ತು ಹೆಜ್ಜೆ ದೂರ. ಕೂಸು ಕಾಲು ಎತ್ತಿತು.

"ದಾನೀ!" ಟೀಚರರ ಗಂಟಲು ಹರಿಯಿತು. "ಅದ ಕಡೀ ಮನಿ! ನೀ ರಾಣಿ ಆದಿ! ರಾಣಿ ಹಿಂದ ಬರಬಹುದು!"

ಎತ್ತಿದ ಕಾಲು ಹಾಗೇ ನಿಂತಿತು. ದಾನಿ ತಿರುಗಿ ನೋಡಿದಳು. ಮುಖವೆಲ್ಲ ಹಲ್ಲು. "ರಾಣಿ ಆದೆ!" ಎಂದು ಕೂಗುತ್ತ ಓಡಿ ಬಂದಳು. ಟೀಚರ್ ಅವಳನ್ನು ಅವುಚಿಕೊಂಡು ನಡುರಸ್ತೆಯಲ್ಲೇ ಕುಸಿದು ಕೂತರು. ನಾನು ಹೋ ಎಂದು ಅತ್ತೆ.

ಸಂಜೆ ದಾನಿಯ ಅವ್ವನೆದುರು ಟೀಚರ್ "ತಪ್ಪು ನಂದವ್ವಾ" ಎನ್ನುತ್ತಿದ್ದರು. ನಾನು ನಡುವೆ ಬಾಯಿ ಹಾಕಿ ಅಗಳಿಯ ವಿಷಯ ಹೇಳಿಬಿಟ್ಟೆ.

ಚೆಸ್ ಈಗಲೂ ನಡೆದಿದೆ. ಮೊದಲು ಕಲಿಸುವುದು ಹೋದ ದಾರಿಯಲ್ಲೇ ಹಿಂದೆ ಬರುವ ಆನೆಯನ್ನು. ಗೇಟಿಗೆ ಬೀಗ. ಟೀಚರ್ ಎಣಿಸುವ ಮೊದಲೇ ನಾನು ಎಣಿಸಿರುತ್ತೇನೆ. ಅವರು ನಗುತ್ತಾರೆ: "ಭಾಳ ಅಂಜುಬುರುಕಿ ಆದಿ ಗುರುಲಿಂಗವ್ವಾ." ನಾನು ಎಣಿಸುತ್ತಲೇ ಇರುತ್ತೇನೆ, ಮಾತಾಡಿದರೆ ಎಣಿಕೆ ತಪ್ಪುತ್ತದೆ.