ಕತ್ತಿನಲ್ಲಿ ತೂಗುವ ಕೀಲಿ

ಕಟಾವು ಯಂತ್ರದ ಹತ್ತಿರ ಸುಳಿದವರಲ್ಲಿ, ಅದನ್ನು ಓಡಿಸುವ, ಊರವರು ಮೂರುಬೆರಳು ಎಂದೇ ಕರೆಯುವವನ ಏಟು ತಿನ್ನದವರು ಕಡಿಮೆ. ತಿರುಗುತ್ತಿರುವ ಬೆಲ್ಟಿನ ಮೇಲೆ ಬಾಗಿದ ಮೆಕ್ಯಾನಿಕ್ಕನ ಬೆನ್ನಿಗೆ ಗುದ್ದು ಬಿದ್ದಿತ್ತು. ಯಂತ್ರಕ್ಕೆ ಸರಪಳಿ ಬಿಗಿಯದೆ ಹೊರಡಲು ಗೇರ್ ಹಾಕಿದ ಲಾರಿ ಡ್ರೈವರನ ಮುಂದಿನ ಹಲ್ಲೊಂದು ಇವತ್ತಿಗೂ ಅಲುಗಾಡುತ್ತದೆ. ಒಮ್ಮೆ ತಪಾಸಣೆಗೆಂದು ಬಂದ ಅಧಿಕಾರಿಯೊಬ್ಬ, ಕೊರಳಿನ ಟೈ ಜೋತಾಡುವಂತೆ ಯಂತ್ರದ ಬಾಯಿಯೊಳಗೆ ಬಗ್ಗಿ ನೋಡಿದ. ಮೂರುಬೆರಳು ಆ ಟೈ ಹಿಡಿದು ಅವನನ್ನು ಹಿಂದಕ್ಕೆಳೆದು, ಬೆಲ್ಟು ಕತ್ತರಿಸುವ ಚಾಕುವಿನಿಂದ ಟೈಯನ್ನು ಗಂಟಿನ ಬುಡಕ್ಕೇ ಕೊಯ್ದು ಕೈಗಿಟ್ಟ.

"ಇದನ್ನ ಜೇಬಲ್ಲಿ ಇಟ್ಕೊಳ್ಳಿ ಸಾರ್. ತಲೆ ಅಂತೂ ಉಳೀತು."

ಇಷ್ಟೆಲ್ಲ ಮಾಡಿಯೂ ಅವನ ಕೆಲಸ ಹೋಗಲಿಲ್ಲ. ಮಳೆ ತಲೆಯ ಮೇಲೆ ಬಂದು ನಿಂತಾಗ ಒಂದು ಕಾಳೂ ಚೆಲ್ಲದಂತೆ ಗೋಧಿ ಕೊಯ್ದುಕೊಡಬಲ್ಲವನು ಅವನೊಬ್ಬನೇ ಎಂದು ಎಲ್ಲರಿಗೂ ಗೊತ್ತಿತ್ತು. ಏಟು ತಿಂದವರು ಬೆನ್ನ ಹಿಂದೆ ಹುಚ್ಚ ಎನ್ನುತ್ತಿದ್ದರು. ಎದುರಿಗೆ ಬಂದಾಗ ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ನಿಲ್ಲುತ್ತಿದ್ದರು. ಅವನಿಗೆ ಬೇಕಾಗಿದ್ದದ್ದೂ ಅಷ್ಟೇ.

ಅವನ ಬಲಗೈಯಲ್ಲಿ ಉಳಿದದ್ದು ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು. ಮಿಕ್ಕ ಎರಡು ಮೂವತ್ತೊಂದು ವರ್ಷಗಳ ಹಿಂದೆ ಹೋದವು. ಅದಕ್ಕಿಂತ ಅರ್ಧ ನಿಮಿಷ ಮೊದಲು ಅವನ ಅಣ್ಣನ ಬಲಗೈ ಹೋಗಿತ್ತು.

ಆಗ ಇವನಿಗೆ ಹತ್ತೊಂಬತ್ತು. ಅಣ್ಣ ಯಂತ್ರ ಓಡಿಸುತ್ತಿದ್ದ, ತಮ್ಮ ಕಲಿಯುತ್ತಿದ್ದ. ಮಧ್ಯಾಹ್ನ ನೀರು ಕುಡಿದು ಬಂದ ತಮ್ಮ ನೋಡಿದರೆ ಯಂತ್ರ ಸದ್ದಿಲ್ಲದೆ ನಿಂತಿತ್ತು. ಅಣ್ಣ ಊಟಕ್ಕೆ ಹೋಗಿರಬೇಕು, ಅವನು ಬರುವಷ್ಟರಲ್ಲಿ ಒಂದು ಸಾಲು ಕೊಯ್ದು ಸೈ ಅನ್ನಿಸಿಕೊಳ್ಳೋಣ ಎಂಬ ಹುಮ್ಮಸ್ಸು ಬಂತು. ಸೀಟಿಗೆ ಹಾರಿ ಕೀಲಿ ತಿರುವಿದ. ಅಣ್ಣ ಮುಂದುಗಡೆ, ಪೈರನ್ನು ಒಳಗೆಳೆದುಕೊಳ್ಳುವ ಕಬ್ಬಿಣದ ಉರುಳೆಯ ಕೆಳಗೆ ಸಿಕ್ಕಿಕೊಂಡಿದ್ದ ಹುಲ್ಲು ಕೀಳುತ್ತಿದ್ದ. ಕೂಗು ಕೇಳಿತು. ಕೂಗಿಗಿಂತ ಮೊದಲು ಮೂಳೆಯ ಸದ್ದು ಕೇಳಿತು. ಎಳೆದು ಬಿಡಿಸಲು ಹೋಗಿ ಇವನು ತನ್ನ ಎರಡು ಬೆರಳನ್ನೂ ಅದಕ್ಕೇ ತಿನ್ನಿಸಿದ.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ಅಣ್ಣ ಮೊದಲು ಕೇಳಿದ್ದು "ನಿಂದೆಷ್ಟು ಹೋಯ್ತೋ?" ಎಂದು. ಬಯ್ಯಲಿಲ್ಲ, ಮುಖ ತಿರುಗಿಸಲಿಲ್ಲ. ಅತ್ತಿಗೆ ಹನ್ನೊಂದು ವರ್ಷ ಮಾತು ಬಿಟ್ಟಳು, ಅದನ್ನಾದರೂ ಇವನು ತಡೆದುಕೊಂಡ. ಅಣ್ಣನ ಒಳ್ಳೆಯತನವನ್ನು ತಡೆದುಕೊಳ್ಳುವುದು ಅವನಿಂದ ಆಗಲಿಲ್ಲ. ಒಂದೇ ಒಂದು ಸಲ ಅಣ್ಣ ಉಳಿದ ಎಡಗೈಯಲ್ಲಿ ಕಪಾಳಕ್ಕೆ ಬಾರಿಸಿದ್ದರೆ ಇವನು ಸರಿಹೋಗುತ್ತಿದ್ದನೋ ಏನೋ. ಅಣ್ಣ ಹೊಡೆಯಲಿಲ್ಲ. ಇವನು ಊರವರನ್ನೆಲ್ಲ ಹೊಡೆಯುತ್ತ ಬಂದ. ಮದುವೆಯಾಗಲಿಲ್ಲ. ದಿನವೂ ಅಣ್ಣನ ಮನೆಗೇ ಊಟಕ್ಕೆ ಹೋಗುತ್ತಿದ್ದ, ಆದರೆ ಹೊಸ್ತಿಲು ದಾಟುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕೂತು ತಿಂದು, ತಟ್ಟೆ ತೊಳೆದಿಟ್ಟು ಹೋಗುತ್ತಿದ್ದ. ಒಳಗೆ ಬಾ ಎಂದು ಕರೆದೂ ಕರೆದೂ ಅಣ್ಣನಿಗೆ ಸಾಕಾಗಿತ್ತು.

ಆ ಮಧ್ಯಾಹ್ನದಿಂದ ಹುಟ್ಟಿದ್ದು ಕೀಲಿಯ ಕಟ್ಟುಪಾಡು. ಅವನ ಯಂತ್ರದ ಕೀಲಿಗೆ ಒಂದು ಉದ್ದನೆಯ ಚರ್ಮದ ದಾರ. ಯಂತ್ರದೊಳಗೆ ಯಾರು ಕೈ ಹಾಕುತ್ತಾರೋ ಅವರ ಕತ್ತಿನಲ್ಲೇ ಆ ಕೀಲಿ ಇರಬೇಕು. ಡ್ರೈವರನ ಕೈಯಲ್ಲಲ್ಲ, ಸೀಟಿನ ಮೇಲಲ್ಲ. ಹೊರಗೆ ಬಂದು, ಬೆರಳು ಎಣಿಸಿಕೊಂಡು, ಆಮೇಲೆ ದಾರ ಬಿಚ್ಚಬೇಕು. "ಕೀ ಕತ್ತಲ್ಲಿದ್ರೆ ಯಮನೂ ಮುಟ್ಟಲ್ಲ" ಎಂಬ ಈ ಒಂದು ಮಾತನ್ನು ಅವನು ಜನರ ಕಿವಿ ತೂತು ಬೀಳುವಷ್ಟು ಸಲ ಹೇಳಿದ್ದ.

ಅಣ್ಣನ ಒಬ್ಬಳೇ ಮಗಳು ಇಪ್ಪತ್ತೆರಡು ತುಂಬಿದಾಗ ತಾನೂ ಯಂತ್ರ ಓಡಿಸುತ್ತೇನೆಂದು ಪಟ್ಟು ಹಿಡಿದಳು. ಅತ್ತಿಗೆ ಪಾತ್ರೆ ಎಸೆದಳು. ಮೂರುಬೆರಳು ತಲೆ ತಗ್ಗಿಸಿ ಕೂತ. ಅಣ್ಣನೇ ಅವಳನ್ನು ಮೆಟ್ಟಿಲಿಗೆ ಕರೆತಂದು ಒಪ್ಪಿಸಿದ.

"ಕಲಿಸು. ಆದ್ರೆ ಪ್ರತಿ ಸಲ ಕಟಾವು ಮುಗಿದ ಮೇಲೆ ನಾನು ಎಣಿಸ್ತೀನಿ. ಹತ್ತಕ್ಕೆ ಒಂದು ಕಮ್ಮಿ ಇದ್ರೂ ಈ ಮನೆ ಕಡೆ ನೀನು ತಲೆ ಹಾಕ್ಬೇಡ."

ಅದು ನಾಲ್ಕು ವರ್ಷ ತಪ್ಪದೆ ನಡೆಯಿತು. ಸುಗ್ಗಿ ಮುಗಿದ ದಿನ ಅವಳು ಹೊಸ್ತಿಲಲ್ಲಿ ಎರಡೂ ಅಂಗೈ ಚಾಚಬೇಕು. ಅಪ್ಪ ಎಡಗೈಯಿಂದ ಒಂದೊಂದೇ ಬೆರಳು ಮುಟ್ಟಿ ಹತ್ತರವರೆಗೆ ಜೋರಾಗಿ ಎಣಿಸಬೇಕು, ಆಮೇಲೆ ಅವಳು ಒಳಗೆ. ಮೂರುಬೆರಳು ಕೆಳಗಿನ ಮೆಟ್ಟಿಲಲ್ಲಿ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ. ಹುಡುಗಿ ನಗುತ್ತಿದ್ದಳು. ಅವನು ನಗುತ್ತಿರಲಿಲ್ಲ. ಅವಳನ್ನು ಇಡಿಯಾಗಿ ವಾಪಸು ತಂದು ನಿಲ್ಲಿಸುವುದೊಂದೇ ಅವನು ಬದುಕಿರುವುದಕ್ಕೆ ಕಾರಣವಾಗಿತ್ತು.

ಐದನೇ ವರ್ಷದ ಕೊನೆಯ ದಿನ ಬಂತು. ಎರಡೂ ಯಂತ್ರಗಳನ್ನು ಲಾರಿಗೆ ಹತ್ತಿಸಿ, ಹೆದ್ದಾರಿ ದಾಟಿಸಿ, ಮಳೆಗೆ ಮುಂಚೆ ಯಜಮಾನನ ಗೋದಾಮಿಗೆ ಮುಟ್ಟಿಸಬೇಕಿತ್ತು. ಯಂತ್ರದ ಮುಂದಿನ ಕೊಯ್ಯುವ ಭಾಗ, ಹೆಡರ್, ಹದಿನಾಲ್ಕು ಅಡಿ ಅಗಲ. ಅದನ್ನು ಕಳಚಿ ಬೇರೆ ಉದ್ದನೆಯ ಗಾಡಿಯಲ್ಲಿ ಹೇರದೆ ರಸ್ತೆಗೆ ಇಳಿಯುವಂತಿಲ್ಲ. ಹಿಂದಿನ ವರ್ಷ ಯಜಮಾನ ಅವಸರ ಮಾಡಿ ಬೇರೊಬ್ಬ ಡ್ರೈವರನ ಕೈಲಿ ಹೆಡರ್ ಬಿಚ್ಚದೆ ಕಳಿಸಿದ್ದ. ತಿರುವಿನಲ್ಲಿ ಅದರ ತುದಿ ಒಬ್ಬ ಸೈಕಲ್ ಸವಾರನ ಭುಜವನ್ನು ಸೀಳಿತ್ತು. ರಕ್ತ ತೊಳೆದ ಮೇಲೂ ಯಜಮಾನ ಪಾಠ ಕಲಿಯಲಿಲ್ಲ.

"ಇನ್ನೂ ಎಷ್ಟು ಹೊತ್ತಯ್ಯಾ? ಮೋಡ ನೋಡು!"

"ಎರಡನೇ ಹೆಡರ್ ಗಂಟಲಲ್ಲಿ ಒದ್ದೆ ಹುಲ್ಲು ಗಿಡಿದ್ಕೊಂಡಿದೆ ಯಜಮಾನ್ರೇ. ಅದನ್ನ ಕಿತ್ತು ಹಾಕ್ದೆ ಕಳಚಲ್ಲ. ನಿಮ್ಗೆ ಅವಸರ ಇದ್ರೆ ನಡ್ಕೊಂಡು ಹೋಗಿ."

ಯಜಮಾನನ ಮುಖ ಕೆಂಪಾಯಿತು. ಆಳುಗಳ ಮುಂದೆ ಹೀಗೆ ಅನ್ನಿಸಿಕೊಂಡದ್ದು ಅದೇನೂ ಮೊದಲಲ್ಲ. ಕೀಲಿಗಾಗಿ ಕಂಡಕಂಡವರ ಕತ್ತು ನೋಡುತ್ತ ಕಾಯುವುದು ಅವನಿಗೆ ಸಾಕಾಗಿಹೋಗಿತ್ತು. ಅದಕ್ಕೇ ಹೋದ ತಿಂಗಳು ಪೇಟೆಯಲ್ಲಿ ಗುಟ್ಟಾಗಿ ಎರಡೂ ಯಂತ್ರಕ್ಕೆ ಇನ್ನೊಂದೊಂದು ಕೀಲಿ ಮಾಡಿಸಿ ಜೇಬಿನಲ್ಲಿಟ್ಟುಕೊಂಡಿದ್ದ. ಅದು ಯಾರಿಗೂ ಗೊತ್ತಿರಲಿಲ್ಲ.

ಮೂರುಬೆರಳು ಲಾರಿಯ ಮೇಲೆ ಮೊದಲ ಯಂತ್ರದ ಸರಪಳಿಗೆ ಸುತ್ತಿಗೆಯಿಂದ ಗೂಟ ಬಡಿಯುತ್ತಿದ್ದ. ಲಾರಿಯ ಇಂಜಿನ್ ಗುಡುಗುಡು ಎನ್ನುತ್ತಿತ್ತು. ಅಣ್ಣನ ಮಗಳು ಎರಡನೇ ಯಂತ್ರದ ಹೆಡರಿನೊಳಗೆ ಮಕಾಡೆ ಮಲಗಿ ಹುಲ್ಲು ಕೀಳುತ್ತಿದ್ದಳು. ಹೊರಗಿನಿಂದ ನೋಡಿದರೆ ಅವಳ ಎರಡು ಬೂಟು ಮಾತ್ರ ಕಾಣುತ್ತಿದ್ದವು. ಕೀಲಿ ಅವಳ ಕತ್ತಿನಲ್ಲಿತ್ತು.

ತಲೆಯೆತ್ತಿದಾಗ ಯಜಮಾನ ಎರಡನೇ ಯಂತ್ರದ ಏಣಿ ಹತ್ತಿ ಸೀಟಿನಲ್ಲಿ ಕೂರುತ್ತಿದ್ದುದು ಮೂರುಬೆರಳಿಗೆ ಕಂಡಿತು. ಕೂತುಕೊಳ್ಳಲಿ, ಕೀಲಿಯಿಲ್ಲದೆ ಏನು ಕಿಸಿಯುತ್ತಾನೆ ಎಂದುಕೊಂಡ. ಆಮೇಲೆ ಯಜಮಾನನ ಕೈ ಜೇಬಿಗೆ ಹೋಯಿತು. ಹೊರಬಂದ ಕೈಯಲ್ಲಿ ಏನೋ ಮಿಂಚಿತು.

ಮೂರುಬೆರಳು ಸುತ್ತಿಗೆ ಹಿಡಿದೇ ಎದ್ದ. ಕಿರುಚಿದ. ಲಾರಿಯ ಸದ್ದು ಅದನ್ನು ನುಂಗಿತು. ಆರು ಅಡಿ ಎತ್ತರದಿಂದ ಹಾರಿದ. ನೆಲಕ್ಕೆ ಬಿದ್ದಾಗ ಕಾಲಿನ ಗಿಣ್ಣು ಲಟಕ್ಕೆಂದಿತು. ಅದನ್ನು ಎಳೆದುಕೊಂಡೇ ಓಡಿದ. ಯಂತ್ರ ಇಪ್ಪತ್ತು ಹೆಜ್ಜೆ ದೂರವಿರುವಾಗಲೇ ಸ್ಟಾರ್ಟರ್ ಗುರ್ರೆಂದಿತು. ಆ ಮುದಿ ಇಂಜಿನ್ ಎರಡು ಸಲ ಕೆಮ್ಮದೆ ಹೊತ್ತಿಕೊಳ್ಳುತ್ತಿರಲಿಲ್ಲ. ಒಂದನೇ ಕೆಮ್ಮಿಗೇ ಹೆಡರಿನ ಉರುಳೆ ಕಾಲು ಸುತ್ತು ತಿರುಗಿತು. ತಿರುಗಬಾರದಿತ್ತು. ಹುಡುಗಿಯ ಕೂಗು ಕೇಳಿತು, ಮೂವತ್ತೊಂದು ವರ್ಷದ ಹಿಂದಿನ ಅದೇ ಕೂಗು.

ಎರಡನೇ ಕೆಮ್ಮಿಗೆ ಯಜಮಾನನ ಕೈ ಮತ್ತೆ ಕೀಲಿಗೆ ಹೋಗುವಷ್ಟರಲ್ಲಿ ಮೂರುಬೆರಳು ಸುತ್ತಿಗೆ ಬೀಸಿ ಎಸೆದ. ಕ್ಯಾಬಿನ್ನಿನ ಗಾಜು ಪುಡಿಯಾಯಿತು. ಸುತ್ತಿಗೆ ಯಜಮಾನನ ಭುಜಕ್ಕೆ ಬಡಿಯಿತು. ಅವನು ಚೇತರಿಸಿಕೊಳ್ಳುವ ಮೊದಲೇ ಮೂರುಬೆರಳು ಏಣಿ ಹತ್ತಿ, ಕೀಲಿ ಕಿತ್ತು ಹಲ್ಲಿನ ನಡುವೆ ಕಚ್ಚಿಕೊಂಡು, ಯಜಮಾನನನ್ನು ಕಾಲರ್ ಹಿಡಿದು ಕೆಳಕ್ಕೆ ಎಸೆದ. ಮೇಲಿಂದ ಬಿದ್ದವನ ಮೂಗು ನೆಲಕ್ಕೆ ಜಜ್ಜಿ ರಕ್ತ ಸುರಿಯಿತು.

ಇಳಿಯುವಾಗ ಅವನ ಕಣ್ಣು ಹೆಡರಿನ ಲಿವರಿನ ಮೇಲೆ ಬಿತ್ತು. ಅದು ಇಳಿದಿರಲಿಲ್ಲ. ಇಂಜಿನಿನ ಶಕ್ತಿ ಉರುಳೆಗೆ ಹೋಗದಂತೆ ತಡೆಯುವುದು ಆ ಲಿವರು. ಇಳಿಸಿದ್ದರೆ ಇಂಜಿನ್ ಇಡೀ ದಿನ ಓಡಿದರೂ ಉರುಳೆ ಕದಲುತ್ತಿರಲಿಲ್ಲ. ಅವನು ಅದನ್ನು ಇಳಿಸಿ ಹೆಡರಿನೊಳಗೆ ನುಗ್ಗಿದ.

ಉರುಳೆಯ ಒಂದು ಕಬ್ಬಿಣದ ಕಡ್ಡಿ ಅವಳ ಮುಂಗೈಯನ್ನು ತಗಡಿಗೆ ಒತ್ತಿ ಹಿಡಿದಿತ್ತು. ಚರ್ಮ ಮೊಣಕೈಯಿಂದ ಮಣಿಕಟ್ಟಿನವರೆಗೆ ಸುಲಿದುಹೋಗಿತ್ತು. ಹುಲ್ಲೆಲ್ಲ ಕೆಂಪಾಗಿತ್ತು.

"ಚಿಕ್ಕಪ್ಪಾ, ಎಳೀಬೇಡ... ಎಳೀಬೇಡ..."

"ಎಳೆಯಲ್ಲ ಕಂದಾ. ನನ್ನ ಮುಖ ನೋಡು. ಕೈ ನೋಡ್ಬೇಡ."

ಉರುಳೆಯನ್ನು ಹಿಂದಕ್ಕೆ ತಿರುಗಿಸದೆ ಬೇರೆ ದಾರಿಯಿರಲಿಲ್ಲ. ಪಕ್ಕದ ದೊಡ್ಡ ಚಕ್ರಕ್ಕೆ ಹಾರೆ ಕೊಟ್ಟು ಒಬ್ಬರು ಮೀಟಬೇಕು, ಒಳಗೆ ಇನ್ನೊಬ್ಬರು ಕೈ ಹಿಡಿದಿರಬೇಕು. ಲಾರಿ ಡ್ರೈವರ್ ಇಂಜಿನ್ ಆರಿಸದೆಯೇ ಆಳುಗಳ ಜೊತೆ ಟೀ ಕುಡಿಯಲು ರಸ್ತೆಯಾಚೆ ಹೋಗಿದ್ದ. ಹತ್ತಿರವಿದ್ದವನು ಮೂಗು ಹಿಡಿದುಕೊಂಡು ನರಳುತ್ತಿದ್ದ ಯಜಮಾನ ಒಬ್ಬನೇ.

"ಎದ್ದೇಳೋ!" ಬಾಯಲ್ಲಿ ಕೀಲಿ ಕಚ್ಚಿಕೊಂಡೇ ಮೂರುಬೆರಳು ಗರ್ಜಿಸಿದ. "ಹಾರೆ ತಗೋ! ಚಕ್ರಕ್ಕೆ ಹಾಕು! ನಿನ್ನ ಕಡೆಗೆ ಎಳಿ, ಆ ಕಡೆ ತಳ್ಳಿದ್ಯೋ, ಇಲ್ಲೇ ನಿನ್ನ ಹೂತುಬಿಡ್ತೀನಿ!"

"ಅವಳು ಒಳಗಿದ್ದಾಳೆ ಅಂತ ನಂಗೆ..."

"ಎಳಿ ಅಂದ್ನಲ್ಲಾ!"

ಯಜಮಾನ ಅಳುತ್ತ ಎಳೆದ. ಉರುಳೆ ಕಿರುಗುಟ್ಟಿ ಒಂದು ಗೇಣು ಹಿಂದೆ ಸರಿಯಿತು. ಅವಳ ಕೈ ಬಿಡಿಸಿಕೊಂಡು ಬಂತು. ಅವನು ತನ್ನ ಅಂಗಿ ಹರಿದು ಬಿಗಿಯಾಗಿ ಸುತ್ತಿದ. ಸುತ್ತುವಾಗ ತುಟಿಯಲ್ಲೇ ಎಣಿಸುತ್ತಿದ್ದ. ಐದೂ ಇದ್ದವು, ಐದೂ ಅಲುಗಾಡುತ್ತಿದ್ದವು.

ಅವಳನ್ನು ಲಾರಿಗೆ ಒರಗಿಸಿ ಕೂರಿಸಿದ ಮೇಲೆ ಅವನು ಯಜಮಾನನ ಬಳಿಗೆ ಹೋದ. ಮುಷ್ಟಿಯಿಂದ ಹೊಡೆದ, ಬಿದ್ದವನನ್ನು ಎತ್ತಿ ನಿಲ್ಲಿಸಿ ಮತ್ತೆ ಹೊಡೆದ. ಲಾರಿ ಡ್ರೈವರ್ ಓಡಿ ಬಂದು ಸೊಂಟ ಹಿಡಿದು ಎಳೆಯದಿದ್ದರೆ ಅವತ್ತು ಒಂದು ಹೆಣ ಬೀಳುತ್ತಿತ್ತು, ಅದರಲ್ಲಿ ಅನುಮಾನ ಬೇಡ. ಯಜಮಾನ ಪೊಲೀಸರ ಮಾತೆತ್ತಿದ. ಮೂರುಬೆರಳು ಆ ಎರಡನೇ ಕೀಲಿಯನ್ನು ಬಾಯಿಂದ ತೆಗೆದು ಅವನ ಮುಖದ ಮುಂದೆ ಹಿಡಿದ. ಪೊಲೀಸರ ಮಾತು ಅಲ್ಲಿಗೇ ನಿಂತಿತು.

ಆಸ್ಪತ್ರೆಗೆ ಹೋಗುವಾಗ ಲಾರಿಯಲ್ಲಿ ಅವಳು ಅವನ ಭುಜಕ್ಕೆ ತಲೆಯಿಟ್ಟುಕೊಂಡಿದ್ದಳು.

"ಲಿವರ್ ಯಾಕೆ ಇಳಿಸ್ಲಿಲ್ಲ?" ಎಂದು ಅವನು ಕೇಳಿದ.

"ಕೀ ಕತ್ತಲ್ಲಿತ್ತಲ್ಲ ಚಿಕ್ಕಪ್ಪ. ಕೀ ಕತ್ತಲ್ಲಿದ್ರೆ ಯಮನೂ ಮುಟ್ಟಲ್ಲ ಅಂತ ನೀನೇ ಹೇಳ್ತಿದ್ಯಲ್ಲ."

ಅವನಿಗೆ ಯಜಮಾನನ ಮೇಲಿದ್ದ ಸಿಟ್ಟೆಲ್ಲ ಒಂದೇ ಏಟಿಗೆ ತನ್ನ ಕಡೆಗೇ ತಿರುಗಿತು. ಲಿವರ್ ಇಳಿಸಿ, ಬ್ರೇಕ್ ಹಾಕಿ, ಆಮೇಲೆ ಕೀಲಿ ತೆಗೆಯಬೇಕೆಂದು ಕೈ ಕಳೆದುಕೊಂಡ ಮೇಲೆ ಅಣ್ಣನೇ ಅವನಿಗೆ ಹೇಳಿಕೊಟ್ಟಿದ್ದ. ಇವನು ಕೀಲಿಯೊಂದನ್ನೇ ದೇವರು ಮಾಡಿಕೊಂಡು ಮಿಕ್ಕದ್ದನ್ನೆಲ್ಲ ಮೂಲೆಗೆ ತಳ್ಳಿದ್ದ. ತಾನು ಮಾಡಿದ ತಪ್ಪು ಕೀಲಿಯದು, ಆದ್ದರಿಂದ ಜಗತ್ತಿನ ತಪ್ಪೆಲ್ಲ ಕೀಲಿಯದೇ ಎಂದು ನಂಬಿದ್ದ.

ಮೂವತ್ತಾರು ಹೊಲಿಗೆ ಬಿದ್ದವು. ಸಂಜೆ ಬೆಳಕಿರುವಾಗಲೇ ಮನೆಗೆ ಬಂದರು. ಅವನು ಕುಂಟುತ್ತ ಕೆಳಗಿನ ಮೆಟ್ಟಿಲಲ್ಲೇ ನಿಂತ. ಅತ್ತಿಗೆ ಮಗಳ ಬ್ಯಾಂಡೇಜು ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ಅಣ್ಣ ಹೊರಬಂದ. ಬಿಳಿಚಿದ್ದ. ಆದರೂ ಎಡಗೈ ಚಾಚಿದ.

"ಒಂದು, ಎರಡು, ಮೂರು..." ಬ್ಯಾಂಡೇಜಿನ ತುದಿಯಲ್ಲಿ ಊದಿಕೊಂಡ ಬೆರಳುಗಳನ್ನು ಮೆಲ್ಲಗೆ ಮುಟ್ಟುತ್ತ ಎಣಿಸಿದ. "ಒಂಬತ್ತು, ಹತ್ತು." ಅವಳನ್ನು ಒಳಗೆ ಕಳಿಸಿದ. ಆಮೇಲೆ ಮೆಟ್ಟಿಲಿಳಿದು ತಮ್ಮನ ಎದುರು ನಿಂತ.

"ಏನಾಯ್ತು?"

ತಮ್ಮ ಹೇಳಿದ. ಎರಡನೇ ಕೀಲಿ, ಯಜಮಾನ, ಸುತ್ತಿಗೆ ಎಲ್ಲವನ್ನೂ ಹೇಳಿದ.

"ಲಿವರ್ ಇಳಿಸಿರ್ಲಿಲ್ವಾ?"

"ಇಲ್ಲ."

"ಕೀ ಒಂದಿದ್ರೆ ಸಾಕು ಅಂತ ಅವಳಿಗೆ ಕಲಿಸಿದ್ದು ಯಾರು?"

"ನಾನೇ ಅಣ್ಣ."

ಅಣ್ಣನ ಎಡಗೈ ಎದ್ದಿತು. ಕಪಾಳಕ್ಕೆ ಬಿದ್ದ ಆ ಏಟಿನ ಸದ್ದಿಗೆ ಅತ್ತಿಗೆ ಬಾಗಿಲಿಗೆ ಓಡಿಬಂದಳು. ಮೂರುಬೆರಳಿನ ತುಟಿ ಒಡೆದು ರಕ್ತ ಗದ್ದಕ್ಕೆ ಇಳಿಯಿತು. ಅವನು ಒರೆಸಿಕೊಳ್ಳಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕುಸಿದು, ಐವತ್ತು ವರ್ಷದ ಗಂಡಸು, ಚಿಕ್ಕ ಹುಡುಗನಂತೆ ಗೋಳೋ ಎಂದು ಅತ್ತ. ನೋವಿಗೆ ಅತ್ತದ್ದಲ್ಲ. ಮೂವತ್ತೊಂದು ವರ್ಷ ಕಾದಿದ್ದ ಏಟು ಬಿದ್ದಿತ್ತು, ಅದಕ್ಕೆ ಅತ್ತ.

ಅಣ್ಣ ಅವನ ಪಕ್ಕದಲ್ಲೇ ಕೂತ. ಎಡಗೈ ಚಾಚಿದ.

"ಕೊಡಿಲ್ಲಿ."

ತಮ್ಮ ಎರಡೂ ಕೈ ಮುಂದೆ ಹಿಡಿದ. ಅಣ್ಣ ಒಂದೊಂದೇ ಬೆರಳು ಮುಟ್ಟುತ್ತ ಎಣಿಸಿದ. ಹಿಂದೆಂದೂ ಎಣಿಸಿರಲಿಲ್ಲ.

"ಎಂಟು. ಅವತ್ತು ಎಷ್ಟಿತ್ತೋ ಅಷ್ಟೇ ಇದೆ. ಏಳು, ಒಳಗೆ ಬಾ. ಕಾಲಿಗೂ ಏನೋ ಮಾಡ್ಕೊಂಡಿದೀಯ."

ಮೂರುಬೆರಳು ಅಣ್ಣನ ಹೆಗಲು ಹಿಡಿದು ಎದ್ದ, ಹೊಸ್ತಿಲು ದಾಟಿದ.