ಜೋಳದ ದಂಟಿನ ಗುಡಿ ಕಟ್ಟುವ ರಾಮಾಯಿ

ಬೆಳಗಿನ ಆರು ಗಂಟೆಗೆ ಕೊಯಮತ್ತೂರಿನ ಬಳಿಯ ಅನ್ನೂರಿನ ಈ ನೇಕಾರರ ಬೀದಿಯಲ್ಲಿ ಮೊದಲು ಕೇಳುವುದು ದಂಟು ಸುಲಿಯುವ ಸದ್ದು. ರಾಮಾಯಿ ಕಾಲು ಚಾಚಿ ಕುಳಿತಿದ್ದಾರೆ. ಒಣಗಿದ ಜೋಳದ ದಂಟನ್ನು ಮೊಣಕಾಲಿಗೆ ಆನಿಸಿ, ಹಲ್ಲಿನಿಂದ ಸಿಪ್ಪೆಯ ತುದಿಯನ್ನು ಎಬ್ಬಿಸಿ, ಒಂದೇ ಎಳೆತಕ್ಕೆ ಉದ್ದಕ್ಕೂ ಸುಲಿಯುತ್ತಾರೆ. ಸಿಪ್ಪೆ ಒಂದು ಕಡೆ, ಒಳಗಿನ ಬೆಳ್ಳನೆಯ ಬೆಂಡು ಇನ್ನೊಂದು ಕಡೆ. ಸಿಪ್ಪೆಯನ್ನು ಬೆರಳುದ್ದಕ್ಕೆ ಮುರಿದರೆ ಅದೇ ಮೊಳೆ. ಬೆಂಡಿಗೆ ಬೆಂಡನ್ನು ಆ ಮೊಳೆಯಿಂದ ಚುಚ್ಚಿ ನಿಲ್ಲಿಸಿದರೆ ಅದೇ ಗೋಡೆ. ಅಂಟಿಲ್ಲ, ತಂತಿಯಿಲ್ಲ. ಒಂದೂಕಾಲು ಗಂಟೆಯಲ್ಲಿ ಗೇಣೆತ್ತರದ ಒಂದು ಗುಡಿಸಲು ಎದ್ದು ನಿಲ್ಲುತ್ತದೆ. ಕ್ರಿಸ್‌ಮಸ್‌ನ ಹಿಂದಿನ ರಾತ್ರಿ ಯಾರದೋ ಮನೆಯಲ್ಲಿ ಅದರೊಳಗೆ ಬಾಲಯೇಸುವಿನ ಬೊಂಬೆಯನ್ನು ಮಲಗಿಸುತ್ತಾರೆ.

ಆದರೆ ರಾಮಾಯಿ ಕುಳಿತಿರುವುದು ತಮ್ಮ ಮನೆಯ ಜಗಲಿಯಲ್ಲಲ್ಲ, ಎದುರು ಮನೆಯ ಆರೋಗ್ಯಮೇರಿಯ ಜಗಲಿಯಲ್ಲಿ. ಅವರ ಸ್ವಂತ ಮನೆಯ ಬಾಗಿಲು ಹತ್ತು ಹೆಜ್ಜೆ ಆಚೆ ಅರ್ಧ ತೆರೆದಿದೆ. ಹೊಸ್ತಿಲ ಮುಂದೆ ರಂಗೋಲಿಯಿಲ್ಲ. ಗಂಡ ಪೊನ್ನುಸಾಮಿ ಆಡಿ ಮಾಸದಲ್ಲಿ, ಅಂದರೆ ಆಷಾಢದ ಹೊತ್ತಿಗೆ, ತೀರಿಕೊಂಡರು. ವರ್ಷ ತುಂಬುವ ತನಕ ಆ ಮನೆಯಲ್ಲಿ ಹಬ್ಬವಿಲ್ಲ. ದೀಪಾವಳಿಗೆ ಎಣ್ಣೆ ಕಾಯಲಿಲ್ಲ, ಪೊಂಗಲ್‌ಗೆ ಹೊಸ ಮಡಕೆ ಬರುವುದಿಲ್ಲ.

ಮುಗಿದ ಗುಡಿಸಲನ್ನು ಅವರು ಜಗಲಿಯ ಅಂಚಿನಲ್ಲಿ ಇಟ್ಟು ಹಿಂದೆ ಸರಿಯುತ್ತಾರೆ. ಬೇಕಾದವರು ಬಂದು ಅಲ್ಲಿಂದಲೇ ಎತ್ತಿಕೊಳ್ಳಬೇಕು. ಈ ವರ್ಷ ರಾಮಾಯಿ ಯಾರಿಗೂ ಕೈಯಿಂದ ಕೈಗೆ ಕೊಡುತ್ತಿಲ್ಲ.

"ಹಂಗೆ ಕೊಡಬಾರ್ದು ಅಯ್ಯಾ," ಎಂದು ನನಗೆ ಹೇಳುತ್ತಾರೆ, ಕೆಲಸದಿಂದ ಕಣ್ಣು ಎತ್ತದೆ. "ಬೇರೆಯವರ ಮನೆ ಹಬ್ಬ. ನನ್ನಿಂದ ಅವರಿಗೆ ಏನೂ ಆಗಬಾರ್ದು."

ರಾಮಾಯಿಗೆ ಈಗ ಐವತ್ತೆಂಟು ವರ್ಷ. ಹುಟ್ಟಿದ್ದು ತಾಳವಾಡಿಯ ಕಡೆ, ಕನ್ನಡವೇ ಬೀದಿಯ ಮಾತಾಗಿರುವ ಗುಡ್ಡದ ಊರಲ್ಲಿ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮದುವೆಯಾಗಿ ಅನ್ನೂರಿಗೆ ಬಂದಾಗ ಗಂಡನ ಮನೆಯವರೂ ಕನ್ನಡದವರೇ. ಆದರೆ ಮನೆಯ ಹೊಸ್ತಿಲು ದಾಟಿದರೆ ತಮಿಳು. ಅವರಿಗೆ ತಮಿಳು ಬರುತ್ತಿರಲಿಲ್ಲ. ಎದುರು ಮನೆಯ ಆರೋಗ್ಯಮೇರಿ ಮಾತಾಡಿದರೆ ನಗುತ್ತ ತಲೆಯಾಡಿಸುತ್ತಿದ್ದರಂತೆ.

ಈ ಕೆಲಸ ಶುರುವಾದದ್ದೇ ಆ ತಲೆಯಾಡಿಸುವಿಕೆಯಿಂದ. ಮೊದಲ ವರ್ಷದ ಡಿಸೆಂಬರಿನಲ್ಲಿ ರಾಮಾಯಿ ಜೋಳದ ದಂಟಿನಿಂದ ಭಾವನ ಮಗಳಿಗೆ ಆಟದ ಬಂಡಿ ಮಾಡಿಕೊಡುವುದನ್ನು ಆರೋಗ್ಯಮೇರಿ ನೋಡಿದರು. ನಮಗೂ ಒಂದು 'ಕುಡಿಲ್' ಮಾಡಿಕೊಡು ಎಂದು ಕೇಳಿದರು. ಯೇಸು ಹುಟ್ಟಿದ ಕೊಟ್ಟಿಗೆಯನ್ನು ಇಲ್ಲಿನ ಕ್ರೈಸ್ತರು ಹಾಗೆ ಕರೆಯುತ್ತಾರೆ. ತಮಿಳಿನಲ್ಲಿ ಅದಕ್ಕೆ ಗುಡಿಸಲು ಎಂದು ಅರ್ಥ. ರಾಮಾಯಿಯ ಕಿವಿಗೆ ಬಿದ್ದದ್ದು 'ಗುಡಿ'. ಎರಡು ದಿನ ಕುಳಿತು ಅವರು ದೇವಸ್ಥಾನ ಕಟ್ಟಿದರು. ಮುಂದೆ ಎರಡು ಕಂಬ, ಮೇಲೆ ಮೂರು ಅಂತಸ್ತಿನ ಗೋಪುರ, ತುದಿಯಲ್ಲಿ ಬೆಂಡಿನ ಕಳಶ.

"ನೋಡಿ ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ," ಎಂದು ಆರೋಗ್ಯಮೇರಿ ತಮಿಳಿನಲ್ಲಿ ಹೇಳುತ್ತಾರೆ. ಅವರು ಅಂಗನವಾಡಿಯಲ್ಲಿ ಅಡುಗೆ ಮಾಡಿ ನಿವೃತ್ತರಾದವರು. ದನಿ ಇನ್ನೂ ಮೂವತ್ತು ಮಕ್ಕಳಿಗೆ ಕೇಳಿಸುವಂತಿದೆ. "ಕುರಿ ಹಸು ನಿಲ್ಲೋದಕ್ಕೆ ಜಾಗ ಎಲ್ಲಿ ಅಂದೆ. ಗರ್ಭಗುಡಿ ತೋರಿಸಿದಳು. ನಮ್ಮ ಮಾವ ಮಾತ್ರ, ಪಾಪ ಕೊಟ್ಟಿಗೇಲಿ ಹುಟ್ಟಿದವನು, ಒಂದು ವರ್ಷವಾದರೂ ಗುಡೀಲಿ ಮಲಗಲಿ ಬಿಡು ಅಂದರು."

ಆ ವರ್ಷ ಬೀದಿಯ ಮಕ್ಕಳೆಲ್ಲ ಅದನ್ನು ನೋಡಲು ಬಂದರು. ಮರುವರ್ಷ ನಾಲ್ಕು ಮನೆಯವರು ಕೇಳಿದರು. ರಾಮಾಯಿ ಈಗ ಗುಡಿಸಲನ್ನೇ ಕಟ್ಟುತ್ತಾರೆ, ಆದರೆ ನೆತ್ತಿಯ ಮೇಲಿನ ಕಳಶವನ್ನು ಯಾರೂ ಬಿಡಗೊಟ್ಟಿಲ್ಲ. ಮರೆತರೆ ಜನ ವಾಪಸು ತರುತ್ತಾರೆ. ಮನೆ ಮಂತ್ರಿಸಲು ಬಂದ ಚರ್ಚಿನ ಗುರುಗಳೊಬ್ಬರು ಒಮ್ಮೆ ಅದೇನೆಂದು ಕೇಳಿ, ಉತ್ತರ ಕೇಳಿ ನಕ್ಕು, ಹಾಗೇ ಇರಲಿ ಎಂದು ಹೋದರಂತೆ.

ದೀಪಾವಳಿ ಕಳೆದ ಮರುವಾರ ದಂಟು ಬರುತ್ತದೆ. ಸುತ್ತಲಿನ ಒಣಬೇಸಾಯದ ಹೊಲಗಳಲ್ಲಿ ದನಕ್ಕೆಂದು ಒಟ್ಟಿದ ಮೆದೆಯಿಂದ ಗಟ್ಟಿಯಾದವನ್ನು ಆರಿಸಿ ತರಬೇಕು. ಹುಳ ಹೊಕ್ಕ ದಂಟು ಸುಲಿಯುವಾಗ ಪುಡಿಯಾಗುತ್ತದೆ. ಒಂದು ಗುಡಿಸಲಿಗೆ ಮೂವತ್ತು ದಂಟು, ಸುಮಾರು ಇನ್ನೂರು ಮೊಳೆ. ಗುಡಿಸಲಲ್ಲಿ ಇಡುವ ಬೊಂಬೆ ಕುರಿಗಳಿಗೆ ತಿರುಪ್ಪೂರಿನಿಂದ ಬರುವ ಬನಿಯನ್ ವೇಸ್ಟ್. ಕತ್ತರಿಸಿ ಉಳಿದ ಬಿಳಿ ಚೂರುಗಳನ್ನು ಬಿಗಿಯಾಗಿ ಸುತ್ತಿ, ಮಗ್ಗದಲ್ಲಿ ಉಳಿದ ನೂಲಿನ ತುದಿಗಳಿಂದ ಕಟ್ಟುತ್ತಾರೆ. ಅದೇ ಬನಿಯನ್ ಬಟ್ಟೆಯ ಬಣ್ಣದ ಚೂರುಗಳನ್ನು ಐದು ಸಿಪ್ಪೆಗಳ ಮೇಲೆ ಬಿಗಿದರೆ ನಕ್ಷತ್ರ. ಬೆಳಗ್ಗೆ ಆರರಿಂದ ಒಂಬತ್ತು, ಮತ್ತೆ ಸಂಜೆ ನಾಲ್ಕರಿಂದ ಆರು. ನಡುವಿನ ಹೊತ್ತು ಮಗ್ಗಕ್ಕೆ. ಹಿಂದೆ ದಿನಕ್ಕೆ ಆರು ಗುಡಿಸಲು ಆಗುತ್ತಿದ್ದವು. ಈಗ ನಾಲ್ಕಾದರೆ ಹೆಚ್ಚು. ಮುಂದಿನ ಹಲ್ಲು ಸವೆದಿದೆ, ಹೆಬ್ಬೆರಳಿನ ಚರ್ಮ ಅಲ್ಲಲ್ಲಿ ಸೀಳಿದೆ. ಅಂಗಡಿಯ ಪ್ಲಾಸ್ಟಿಕ್ ಕುಡಿಲಿನ ಕಾಲು ಭಾಗದ ಬೆಲೆಗೆ ಇದು ಸಿಗುತ್ತದೆ. ಮಿಲ್ಲಿಗೆ, ಬನಿಯನ್ ಕಂಪನಿಗೆ ಹೋಗುವ ಮನೆಗಳಿಗೆ ಅದೇ ಅನುಕೂಲ.

ಉಳಿದದ್ದನ್ನು ಆಯಾ ಮನೆಯವರೇ ಕೂಡಿಸಿಕೊಳ್ಳುತ್ತಾರೆ. ಒಬ್ಬರು ಗುಡಿಸಲಿನ ಮುಂದೆ ಮಣ್ಣು ಹರಡಿ ರಾಗಿ ಬಿತ್ತುತ್ತಾರೆ. ಹಬ್ಬದ ಹೊತ್ತಿಗೆ ಅದು ಹುಲ್ಲಿನಂತೆ ಎದ್ದಿರುತ್ತದೆ. ಇನ್ನೊಬ್ಬರ ಮನೆಯಲ್ಲಿ ಮಗು ಮಲಗಿಸುವ ಕೆಲಸ ಆ ವರ್ಷ ಹೆಚ್ಚು ಕಾಯಿಲೆ ಬಿದ್ದವರದು. ಎಲ್ಲರೂ ತಪ್ಪದೆ ಮಾಡುವುದು ಒಂದಿದೆ. ಬಾಲಯೇಸುವಿನ ಹಾಸಿಗೆಗೆ ಮನೆಯ ಹಳೆಯ ಬಟ್ಟೆಯ ತುಂಡು ತರಬೇಕು, ಹೊಸದು ಆಗದು. ರಾಮಾಯಿ ಅದನ್ನು ಮಡಿಸಿ, ಅಂಚು ಹೊಲಿದು ಒಳಗಿಡುತ್ತಾರೆ. ಯಾರ ಬಟ್ಟೆ ಯಾವುದು ಎಂದು ಅವರಿಗೆ ನೆನಪಿರುತ್ತದೆ. ಅಪ್ಪನ ಲುಂಗಿ, ಶಾಲೆ ಬಿಟ್ಟ ಮಗಳ ಲಂಗ, ತೀರಿಹೋದ ಅಜ್ಜಿಯ ಸೀರೆಯ ಸೆರಗು.

ಪೊನ್ನುಸಾಮಿ ಮೂರು ತಿಂಗಳು ಹಾಸಿಗೆ ಹಿಡಿದಿದ್ದರು. ಹೊಟ್ಟೆಯ ಕಾಯಿಲೆ. ಗಂಜಿ ಬಿಟ್ಟು ಬೇರೇನೂ ಇಳಿಯುತ್ತಿರಲಿಲ್ಲ. ಅವರು ಹೋದ ಮೇಲೆ ರಾಮಾಯಿ ಮಗ್ಗಕ್ಕೆ ಕುಳಿತರೂ ಕೆಲಸ ಸಾಗಲಿಲ್ಲ.

"ಎರಡು ಮಗ್ಗ ಪಕ್ಕಪಕ್ಕ. ಅವರು ಲಾಳಿ ಎಸೆದ ಸದ್ದಿಗೆ ನಾನು ಎಸೀತಿದ್ದೆ, ಮೂವತ್ತೊಂಬತ್ತು ವರ್ಷ. ಈಗ ನನ್ನ ಮಗ್ಗ ಒಂದೇ ಬಡ್ಕೊಳುತ್ತೆ. ಎಳೆ ಎಣಿಸೋದು ತಪ್ಪೋಗುತ್ತೆ," ಎನ್ನುತ್ತಾರೆ.

ಇದನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಮನೆ ತುಂಬ ಜನರಿದ್ದರೂ ಒಂದು ಸದ್ದು ಕಡಿಮೆಯಾಗಿರುವುದು ಮಾತ್ರ ಕಿವಿಗೆ ಬೀಳುತ್ತಿರುತ್ತದೆ. ದೇವರು ಅದಕ್ಕೆ ಕಾಲವನ್ನು ಕೊಡುತ್ತಾನೆ, ಬೇರೆ ಮದ್ದು ಕೊಡುವುದಿಲ್ಲ.

ಈ ವರ್ಷ ದಂಟು ತರಿಸುವುದು ಬೇಡವೆಂದೇ ಅವರು ತೀರ್ಮಾನಿಸಿದ್ದರು. ಗಂಡನ ಅಣ್ಣ ದಂಡಪಾಣಿಯವರು ಮನೆಗೆ ಬಂದು ಹೇಳಿಯೂ ಹೋಗಿದ್ದರು. ನಮ್ಮ ಹಬ್ಬವನ್ನೇ ಬಿಟ್ಟಿದ್ದೇವೆ, ಸಾವಾದ ಮನೆಯಿಂದ ಹಬ್ಬದ ಸಾಮಾನು ಹೊರಗೆ ಹೋಗಬಾರದು, ತೆಗೆದುಕೊಂಡವರ ಮನೆಯಲ್ಲಿ ಏನಾದರೂ ಆದರೆ ಯಾರು ಜವಾಬು ಕೊಡುವವರು ಎಂದು ಕೇಳಿದರು. ದಂಡಪಾಣಿ ಕೆಟ್ಟವರಲ್ಲ. ತಮ್ಮನ ಕಾಯಿಲೆಯಲ್ಲಿ ಪ್ರತಿ ವಾರ ಬಸ್ಸು ಹತ್ತಿಸಿ ಕೊಯಮತ್ತೂರಿನ ಆಸ್ಪತ್ರೆಗೆ ಕರೆದೊಯ್ದವರು ಅವರೇ. ರಾಮಾಯಿ ಅವರಿಗೆ ಎದುರು ಮಾತಾಡಲಿಲ್ಲ. ಅದೇ ಭಯ ಅವರೊಳಗೂ ಇತ್ತು.

ಆರೋಗ್ಯಮೇರಿ ಬೀದಿ ದಾಟಿ ಬಂದರು. ಆ ದಿನದ ಮಾತುಕತೆಯನ್ನು ಇಬ್ಬರೂ ಸೇರಿಯೇ ಹೇಳುತ್ತಾರೆ.

"ಈ ವರ್ಷ ಹಬ್ಬ ಇಲ್ಲ ಮೇರಿ ಅಂದೆ."

"ನಿನಗಿಲ್ಲ, ಸರಿ. ನನಗೂ ಇಲ್ಲ ಅಂತ ನಿಮ್ಮ ಭಾವ ಹೇಳಿದರಾ ಅಂದೆ."

"ಸತ್ತ ಮನೇಲಿ ಮಾಡಬಾರ್ದು ಅಂದೆ."

"ನನ್ನ ಜಗಲಿಯಲ್ಲಿ ಯಾರೂ ಸತ್ತಿಲ್ಲವಲ್ಲ, ಅಲ್ಲಿ ಬಂದು ಕೂತ್ಕೋ ಅಂದೆ."

"ಯೋಚನೆ ಮಾಡ್ತೀನಿ ಅಂದೆ. ಮಾರನೇ ದಿನ ನೋಡಿದರೆ ದಂಟಿನ ಕಟ್ಟು ಇವಳ ಮನೆ ಮುಂದೆ ಬಂದು ಬಿದ್ದಿದೆ."

ಹಾಗೆ ರಾಮಾಯಿ ಎದುರು ಮನೆಯ ಜಗಲಿಗೆ ಬಂದರು. ದಂಡಪಾಣಿ ಅಂದಿನಿಂದ ಈ ಕಡೆ ಬಂದಿಲ್ಲ. ಜನ ಬರುತ್ತಾರೋ ಇಲ್ಲವೋ ಎಂಬ ಪ್ರಶ್ನೆ ಉಳಿಯಿತು. ಕಳೆದ ವರ್ಷ ಅರವತ್ತನಾಲ್ಕು ಮನೆಯವರು ಗುಡಿಸಲು ಒಯ್ದಿದ್ದರು. ಈ ವರ್ಷ ಡಿಸೆಂಬರ್ ಅರ್ಧ ಕಳೆದರೂ ಬಂದವರು ಇಪ್ಪತ್ತೊಂಬತ್ತು. ಬಾರದವರ ಬಗ್ಗೆ ರಾಮಾಯಿ ಒಂದು ಮಾತೂ ಆಡುವುದಿಲ್ಲ.

"ಒಬ್ಬರ ಮನೇಲಿ ಪೊಂಗಲ್ ಆದ್ಮೇಲೆ ಮದುವೆ. ಇನ್ನೊಬ್ಬರ ಮಗ ಪರೀಕ್ಷೆಗೆ ಕೂತಿದ್ದಾನೆ. ಬೇಡ ಅಂದ್ರೆ ತಪ್ಪೇನು? ನಾನಾದ್ರೂ ಯೋಚನೆ ಮಾಡ್ತಿದ್ದೆ," ಎನ್ನುತ್ತಾರೆ. ಬೆನ್ನನ್ನು ಗೋಡೆಗೆ ಒರಗಿಸುತ್ತಾರೆ. "ಬಂದವರೂ ಇಟ್ಟ ಜಾಗದಿಂದ ಎತ್ಕೊಂಡು, ನನ್ನ ಮುಖ ನೋಡ್ದೆ ಹೋಗ್ತಾರೆ. ಅವರಿಗೂ ಭಯ, ನನಗೂ ಭಯ. ಭಯ ಭಯ ಸೇರಿ ವ್ಯಾಪಾರ ನಡೀತಾ ಇದೆ."

"ಮುಖ ತೊಳೆದುಕೊಂಡು ಕೂತರೆ ನೋಡುತ್ತಾರೆ," ಎಂದು ಆರೋಗ್ಯಮೇರಿ ಒಳಗಿನಿಂದ ಹೇಳುತ್ತಾರೆ. ರಾಮಾಯಿ ತುಟಿಯ ಮೂಲೆಯಲ್ಲಿ ನಗುತ್ತಾರೆ. ಆ ಬೆಳಗ್ಗೆ ನಾನು ಕಂಡ ಮೊದಲ ನಗು ಅದು.

ಎಂಟು ಗಂಟೆಯ ಹೊತ್ತಿಗೆ ಬೀದಿಯ ಕೊನೆಯ ಮನೆಯ ಸುಗನ್ಯಾ ನಿಧಾನವಾಗಿ ನಡೆದು ಬರುತ್ತಾಳೆ. ಇಪ್ಪತ್ತನಾಲ್ಕು ವರ್ಷದ ಹುಡುಗಿ, ಎಂಟು ತಿಂಗಳ ಬಸುರಿ. ಗಂಡ ಕುಮರೇಶನ್ ಕೊಯಮತ್ತೂರಿನ ಗಣಪತಿ ಎಂಬ ಬಡಾವಣೆಯಲ್ಲಿ ಪಂಪು ತಯಾರಿಸುವ ವರ್ಕ್‌ಶಾಪಿನಲ್ಲಿದ್ದಾನೆ. ಅವಳನ್ನು ಕಂಡದ್ದೇ ರಾಮಾಯಿ ದಂಟು ಕೆಳಗಿಟ್ಟು ಎದ್ದು ನಿಲ್ಲುತ್ತಾರೆ.

"ನೀ ಯಾಕೆ ಬಂದೆ ಅಮ್ಮಿಣಿ? ನಿನಗೆ ಈ ವರ್ಷ ಬೇಡ ಅಂತ ನಾನೇ ಹೇಳಿ ಕಳಿಸಿದ್ನಲ್ಲ." ಅವಳೊಂದಿಗೆ ಅವರದು ತಮಿಳೇ. 'ಅಮ್ಮಿಣಿ' ಎಂದು ಇಲ್ಲಿ ಹಿರಿಯರು ಮನೆಯ ಹೆಣ್ಣುಮಕ್ಕಳನ್ನು ಕರೆಯುತ್ತಾರೆ; ಕಿರಿಯರಿಗೆ ಅವರು 'ಪೆರಿಯಮ್ಮ', 'ಪೆರಿಯಪ್ಪ', ಅಂದರೆ ದೊಡ್ಡಮ್ಮ, ದೊಡ್ಡಪ್ಪ.

"ಕೇಳಿಸಿತು ಪೆರಿಯಮ್ಮಾ. ಬಂದೆ."

"ನಿಮ್ಮತ್ತೆಗೆ ಗೊತ್ತಾ?"

"ಗೊತ್ತು. ಬೆಳಗ್ಗೆಯಿಂದ ನನ್ನ ಜೊತೆ ಮಾತಿಲ್ಲ."

"ಹೋಗಲಿ, ನಿನ್ನ ಕಿವಿಗೆ ಒಂದು ದಿನ ರಜೆ," ಎನ್ನುತ್ತಾರೆ ಆರೋಗ್ಯಮೇರಿ.

ಸುಗನ್ಯಾ ಕೈಯಲ್ಲಿದ್ದ ಬಟ್ಟೆಯ ತುಂಡನ್ನು ಬಿಚ್ಚುತ್ತಾಳೆ. ಕುಮರೇಶನ್‌ನ ಹಳೆಯ ಪಂಚೆ, ಒಗೆದು ಒಗೆದು ಹತ್ತಿಯ ಹಾಗೆ ಆಗಿದೆ. ಹುಟ್ಟುವ ಮಗುವಿಗೆ ಸುತ್ತಲು ಅತ್ತೆ ಅದನ್ನು ಹರಿದಿಟ್ಟಿದ್ದರಂತೆ. ಅದರಲ್ಲೊಂದು ತುಂಡನ್ನು ಇವಳು ಗುಡಿಸಲಿಗೆಂದು ತಂದಿದ್ದಾಳೆ. ರಾಮಾಯಿ ಅದನ್ನು ಮುಟ್ಟಲು ಹಿಂಜರಿಯುತ್ತಾರೆ. ಕೊನೆಗೆ ಕುಳಿತು, ಮಡಿಸಿ, ಅಂಚು ಹೊಲಿಯುತ್ತಾರೆ. ಎಂದಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಸೂಜಿ ಎರಡು ಸಲ ಬೆರಳಿಗೆ ಚುಚ್ಚುತ್ತದೆ. ಬಟ್ಟೆಯನ್ನು ಒಳಗಿಟ್ಟು, ಗುಡಿಸಲನ್ನು ಜಗಲಿಯ ಅಂಚಿಗೆ ಸರಿಸಿ, ಹಿಂದೆ ಹೋಗಿ ನಿಲ್ಲುತ್ತಾರೆ.

ಸುಗನ್ಯಾ ಅದನ್ನು ಎತ್ತಿಕೊಳ್ಳುವುದಿಲ್ಲ.

"ಬಗ್ಗೋಕೆ ಆಗಲ್ಲ ಪೆರಿಯಮ್ಮಾ. ಕೈಗೆ ಕೊಡಿ."

"ಮೇರಿ ಕೊಡ್ತಾಳೆ."

"ನನ್ನ ಕೈಯಲ್ಲಿ ಹಿಟ್ಟಿದೆ," ಎನ್ನುತ್ತಾರೆ ಆರೋಗ್ಯಮೇರಿ. ಅವರ ಕೈಯಲ್ಲಿ ಹಿಟ್ಟಿಲ್ಲ.

"ಅಮ್ಮಿಣಿ, ಹಟ ಮಾಡಬೇಡ. ತುಂಬಿದ ಹೊಟ್ಟೆ. ನನ್ನ ಕೈಯಿಂದ ಬೇಡ."

ಸುಗನ್ಯಾ ತಗ್ಗಿದ ದನಿಯಲ್ಲಿ ಹೇಳುತ್ತಾಳೆ. "ಮೂರು ತಿಂಗಳು ಪೆರಿಯಪ್ಪನಿಗೆ ಗಂಜಿ ಕುಡಿಸಿದ ಕೈ ಅದು. ದಿನಾ ನೋಡಿದ್ದೀನಿ. ಅದರಲ್ಲಿ ಕೆಟ್ಟದ್ದು ಏನಿರುತ್ತೆ?"

ಮೇಟ್ಟುಪಾಳ್ಯದ ಕಡೆಯ ಬಸ್ಸು ರಸ್ತೆಯಲ್ಲಿ ಹಾರ್ನ್ ಹೊಡೆದು ಹೋಗುತ್ತದೆ. ರಾಮಾಯಿ ಸೆರಗಿನಲ್ಲಿ ಎರಡೂ ಕೈಗಳನ್ನು ಒರೆಸಿಕೊಳ್ಳುತ್ತಾರೆ, ಮತ್ತೊಮ್ಮೆ ಒರೆಸಿಕೊಳ್ಳುತ್ತಾರೆ. ಬಗ್ಗಿ ಗುಡಿಸಲನ್ನು ಎತ್ತಿ ಅವಳ ಕೈಗೆ ಕೊಡುತ್ತಾರೆ. ಕೊಟ್ಟ ಮೇಲೂ ಕೂಡಲೇ ಬಿಡುವುದಿಲ್ಲ. ಸುಗನ್ಯಾ ಮೆಲ್ಲಗೆ ತೆಗೆದುಕೊಂಡು, ಮಗುವನ್ನು ಎತ್ತಿಕೊಂಡ ಹಾಗೆ ತೋಳಿಗೆ ಆನಿಸಿಕೊಂಡು ಹೊರಡುತ್ತಾಳೆ.

ಅವಳು ಕೊನೆಯ ಮನೆಯೊಳಗೆ ಹೋಗುವ ತನಕ ರಾಮಾಯಿ ನಿಂತೇ ಇರುತ್ತಾರೆ. ಆಮೇಲೆ ಕುಳಿತು, ಒಂದು ದಂಟು ತೆಗೆದುಕೊಂಡು, ಸುಲಿಯದೆ ಹಾಗೇ ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ.

"ಭಾರ ಇಲ್ಲ ಅಯ್ಯಾ ಅದು. ತಕ್ಕಡೀಲಿ ಇಟ್ರೆ ಕಾಲು ಕಿಲೋ ಬರಲ್ಲ," ಎನ್ನುತ್ತಾರೆ. ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಳ್ಳುತ್ತಾರೆ.

ಹಬ್ಬ ಕಳೆದ ಮೇಲೆ ಏನು ಬೇಕೆಂದು ಅನ್ನಿಸುತ್ತದೆ ಎಂದು ನಾನು ಕೇಳುತ್ತೇನೆ. ಮನೆಯ ಕನ್ನಡದಲ್ಲಿ, ನನಗಷ್ಟೇ ಕೇಳಿಸುವ ಹಾಗೆ ಹೇಳುತ್ತಾರೆ.

"ಜನವರೀಲಿ ಅವಳ ಹೆರಿಗೆ. ತಾಯಿ ಮಗು ನೆಟ್ಟಗೆ ಮನೆಗೆ ಬರಲಿ. ಬಂದ್ರೆ ನನ್ನ ಕೈ ಒಳ್ಳೇದೇ ಅಂತ ನಾನು ನಂಬ್ತೀನಿ. ಭಾವನೂ ನಂಬ್ತಾರೆ."